ವಾಲಿದ ಜೀಪು

ಮಲೆನಾಡಿನ ಯಾವ ಪೇಟೆಗೆ ಹೋದರೂ ಬಸ್ ನಿಲ್ದಾಣದ ಬಳಿ ಒಂದೆರಡು ಹಳೆಯ ಜೀಪುಗಳು ನಿಂತಿರುವುದನ್ನು ಕಾಣಬಹುದು. ತುಸು ದೂರ ಸರಿದು ಅವನ್ನು ಹಿಂದಿನಿಂದ ನೋಡಿದರೆ, ಅವುಗಳಲ್ಲಿ ಒಂದಾದರೂ ಮೂಟೆ ಹೊತ್ತ ಹಮಾಲನಂತೆ ಒಂದು ಹೆಗಲನ್ನು ಕೆಳಗೆ ಬಿಟ್ಟುಕೊಂಡು ನಿಂತಿರುತ್ತದೆ. ನೋಡಿದವರು ನಕ್ಕು ಸುಮ್ಮನಾಗುತ್ತಾರೆ. ಮಾಲೀಕರು 'ಗಾಡಿಗೆ ವಯಸ್ಸಾಯಿತು' ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ವಾಹನ ಒಂದು ಮಗ್ಗುಲಿಗೆ ವಾಲುವುದು ಬರಿಯ ಅಂದಗೇಡಿನ ಮಾತೆಂದು ಭಾವಿಸಿರುವವರೇ ನಮ್ಮಲ್ಲಿ ಹೆಚ್ಚು. ವಾಸ್ತವವಾಗಿ ಅದು ಜ್ವರವಿದ್ದಂತೆ. ಜ್ವರವೇ ರೋಗವಲ್ಲ, ಒಳಗೆ ಎಲ್ಲಿಯೋ ರೋಗವಿದೆ ಎಂಬುದಕ್ಕೆ ಅದು ಗುರುತು. ಗುರುತನ್ನು ಅಳಿಸುವುದು ಸುಲಭ, ರೋಗವನ್ನು ಹುಡುಕುವುದು ಕಷ್ಟ. ಮನೆಯಂಗಳದಲ್ಲಿಯೇ, ನಮ್ಮ ಕೈಯಿಂದಲೇ, ವಾಲಿದ ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ಎಲ್ಲಿಯವರೆಗೆ ಮಾಡಬಹುದು, ಎಲ್ಲಿ ಕೈ ಬಿಡಬೇಕು ಎಂಬ ಬಗ್ಗೆ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಾನು ವೃತ್ತಿಯಿಂದ ಯಂತ್ರ ಕೆಲಸದವನಲ್ಲ. ಅಡಕೆ ತೋಟದ ಮನೆಯವನು. ಆದರೆ ಪೇಟೆಯಿಂದ ದೂರದಲ್ಲಿ, ಮಳೆಗಾಲದಲ್ಲಿ ಹಳ್ಳ ದಾಟಿ ಹೋಗಬೇಕಾದ ಮನೆಗಳಲ್ಲಿರುವವರಿಗೆ ಜೀಪು ವಿಲಾಸದ ವಸ್ತುವಲ್ಲ. ಅಡಕೆಯ ಮೂಟೆ ಹೋಗುವುದು ಅದರಲ್ಲಿಯೇ, ಗೊಬ್ಬರ ಬರುವುದು ಅದರಲ್ಲಿಯೇ, ಹೆರಿಗೆಯ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲಿಯೇ. ಇಂಥ ಗಾಡಿ ನೆಟ್ಟಗಿರಬೇಕೆಂಬುದು ಶೋಕಿಯಲ್ಲ. ಅನಿವಾರ್ಯತೆ ಕಲಿಸಿದ ವಿದ್ಯೆಯನ್ನಷ್ಟೇ ನಾನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ, ಗಾಡಿಯನ್ನು ಎತ್ತಿ ಹಿಡಿದಿರುವುದು ಏನು? ನಮ್ಮ ಎತ್ತಿನ ಗಾಡಿಗೆ ಸ್ಪ್ರಿಂಗು ಇರಲಿಲ್ಲ. ಕಲ್ಲು ಸಿಕ್ಕಿದರೆ ಪೆಟ್ಟು ನೇರವಾಗಿ ಬೆನ್ನಿಗೆ. ಜಟಕಾ ಗಾಡಿಗೆ ಕಮಾನಿನಂಥ ಉಕ್ಕಿನ ಪಟ್ಟಿಗಳಿದ್ದವು. ಜಟಕಾ ಹತ್ತಿದ ಕೂಡಲೇ ಸಾಬರು 'ಸ್ವಾಮಿ, ತುಸು ಮುಂದೆ ಬನ್ನಿ, ಅಮ್ಮಾವರೇ, ತುಸು ಹಿಂದೆ ಸರೀರಿ' ಎಂದು ಹೇಳಿ ಭಾರವನ್ನು ಸಮ ಮಾಡಿಕೊಳ್ಳುತ್ತಿದ್ದುದನ್ನು ಹಿರಿಯರು ನೆನಪಿಸಿಕೊಂಡಾರು. ಇಂಗ್ಲೆಂಡಿನ ಒಬಾಡಿಯಾ ಎಲಿಯಟ್ ಎಂಬಾತ 1804ರಲ್ಲಿ ಸಾರೋಟುಗಳಿಗೆ ಇಂಥ ಪಟ್ಟಿ ಸ್ಪ್ರಿಂಗನ್ನು ಅಳವಡಿಸುವ ಹಕ್ಕುಪತ್ರ ಪಡೆದ. ಅದೇ ವಸ್ತು ಮೋಟಾರು ಯುಗಕ್ಕೆ ದಾಟಿ ಬಂದು, ಜೀಪಿನ ನಾಲ್ಕು ಮೂಲೆಗಳಲ್ಲಿ ಕುಳಿತಿತು. ಲಾರಿಗಳ ಕೆಳಗೆ ಇಂದಿಗೂ ಅದೇ ಇದೆ. ಒಂದರ ಕೆಳಗೊಂದು ಉದ್ದ ಕಡಮೆಯಾಗುತ್ತ ಹೋಗುವ ಉಕ್ಕಿನ ಪಟ್ಟಿಗಳು. ಗ್ಯಾರೇಜಿನವರು ಅವನ್ನು 'ಪ್ಲೇಟು' ಎನ್ನುತ್ತಾರೆ. ಎಲ್ಲಕ್ಕಿಂತ ಮೇಲಿನದು ಮೈನ್ ಪ್ಲೇಟು. ಅದರ ಎರಡು ತುದಿಗಳೂ ಸುರುಳಿಯಾಗಿ ಬಳೆಯಂತಾಗಿರುತ್ತವೆ. ಒಂದು ಬಳೆ ಚಾಸಿಗೆ ನೇರವಾಗಿ ಸೇರಿದರೆ, ಇನ್ನೊಂದು ಶಾಕಲ್ ಎಂಬ ತೂಗುಕೊಂಡಿಗೆ ಸೇರುತ್ತದೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುವುದರಿಂದ, ಆ ಉದ್ದಕ್ಕೆ ಎಡೆ ಕೊಡಲು ಈ ಕೊಂಡಿ ತೂಗಬೇಕು. ನಡುವೆ ಎಲ್ಲ ಪ್ಲೇಟುಗಳನ್ನೂ ಒಂದು ಸೆಂಟರ್ ಬೋಲ್ಟು ಪೋಣಿಸಿರುತ್ತದೆ. ಯು ಬೋಲ್ಟುಗಳು ಅವನ್ನು ಆಕ್ಸಲಿಗೆ ಬಿಗಿದಿರುತ್ತವೆ.

ಭಾರ ಎಷ್ಟೋ ಬಾಗು ಅಷ್ಟು ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದ್ದ. ಶಾಲೆಯಲ್ಲಿ ನಾವೆಲ್ಲ ಇದನ್ನು ಓದಿದ್ದೇವೆ. ವಾಲಿದ ಗಾಡಿಯ ವಿಷಯದಲ್ಲಿ ಈ ನಿಯಮದಿಂದ ಹೊರಡುವ ಪ್ರಶ್ನೆ ಒಂದೇ: ಒಂದು ಮಗ್ಗುಲು ಕೆಳಗಿದೆಯೆಂದರೆ ಅಲ್ಲಿ ಭಾರ ಹೆಚ್ಚಾಗಿದೆಯೋ, ಸ್ಪ್ರಿಂಗು ಸೋತಿದೆಯೋ, ಅಥವಾ ಇನ್ನೊಂದು ಮಗ್ಗುಲನ್ನು ಏನೋ ಎತ್ತಿ ಹಿಡಿದಿದೆಯೋ? ಸಾಮಾನ್ಯವಾಗಿ ಎಲ್ಲರೂ ಎರಡನೆಯದನ್ನೇ ಊಹಿಸುತ್ತಾರೆ. ಮೂರನೆಯದು ಯಾರ ಮನಸ್ಸಿಗೂ ಹೊಳೆಯುವುದಿಲ್ಲ.

ಭಾರದ ವಿಷಯ ಜೀಪಿನ ಹುಟ್ಟಿನಿಂದಲೇ ಬಂದದ್ದು. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ವಿಲ್ಲಿಸ್ ಜೀಪಿನಲ್ಲಿ ಚಾಲಕ ಕುಳಿತುಕೊಳ್ಳುವುದು ಎಡಗಡೆ. ಪೆಟ್ರೋಲ್ ಟ್ಯಾಂಕು ಇದ್ದುದೂ ಅವನ ಆಸನದ ಅಡಿಯಲ್ಲಿಯೇ. ಆದ್ದರಿಂದ ಅದರ ಎಡ ಮುಂಭಾಗದ ಸ್ಪ್ರಿಂಗನ್ನು ಬಲದ್ದಕ್ಕಿಂತ ಗಟ್ಟಿಯಾಗಿ ಮಾಡಿದ್ದರು. ಗಾಡಿ ಮಾಡಿದವರಿಗೇ ಎರಡು ಮಗ್ಗುಲು ಸಮವಲ್ಲ ಎಂಬುದು ಗೊತ್ತಿತ್ತು. ಅದೇ ವಂಶದ ಸಿಜೆ-3ಬಿ ಎಂಬ ಜೀಪನ್ನು ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದಿತು. ಅಮೆರಿಕದಲ್ಲಿ ಅದರ ತಯಾರಿಕೆ 1968ರಲ್ಲಿ ನಿಂತರೂ, ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ಆಮೇಲೆಯೂ ದಶಕಗಳ ಕಾಲ ಅದನ್ನು ತಯಾರಿಸಿತು. ಮಲೆನಾಡಿನ ಜೀಪುಗಳಲ್ಲಿ ಅನೇಕವು ಆ ವಂಶದವೇ. ನಮ್ಮಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಎಷ್ಟೋ ದಿನ ಗಾಡಿಯಲ್ಲಿ ಅವನೊಬ್ಬನೇ ಇರುತ್ತಾನೆ. ವರ್ಷಗಟ್ಟಲೆ ಒಂದೇ ಕಡೆ ಬಿದ್ದ ಭಾರಕ್ಕೆ ಆ ಕಡೆಯ ಉಕ್ಕು ಮೊದಲು ದಣಿಯುವುದು ಸಹಜ.

ಆದರೆ ಗಾಡಿ ನಿಜವಾಗಿಯೂ ವಾಲಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ರಸ್ತೆಯ ಬದಿಯಲ್ಲಿ ನಿಂತ ಗಾಡಿಯನ್ನು ನೋಡಿ ತೀರ್ಮಾನಿಸುವುದು ಸರಿಯಲ್ಲ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಡಾಂಬರು ರಸ್ತೆಯ ಈ ಓರೆ ನೂರಕ್ಕೆ ಎರಡೂವರೆಯಷ್ಟಿದ್ದರೆ, ಜೀಪಿನ ಎರಡು ಚಕ್ರಗಳ ನಡುವಣ ಸುಮಾರು ನಾಲ್ಕು ಅಡಿ ಅಗಲದಲ್ಲಿ ಒಂದಿಂಚಿಗೂ ಮಿಕ್ಕಿದ ವ್ಯತ್ಯಾಸ ಬರುತ್ತದೆ. ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ನಿಂತ ಗಾಡಿಗಳೆಲ್ಲ ತುಸು ಎಡಕ್ಕೆ ವಾಲಿದಂತೆಯೇ ಕಾಣುತ್ತವೆ. ನಮ್ಮ ಅಡಕೆ ಒಣಗಿಸುವ ಅಂಗಳವೂ ಕಣ್ಣಿಗೆ ಮಟ್ಟವಾಗಿ ಕಂಡರೂ ನೀರು ಹರಿಯಲೆಂದು ಓರೆಯಾಗಿಯೇ ಇರುತ್ತದೆ.

ಇದಕ್ಕೆ ಉಪಾಯ ಗಾರೆ ಕೆಲಸದವರ ಬಳಿ ಇದೆ. ಪಾರದರ್ಶಕವಾದ ಉದ್ದನೆಯ ರಬ್ಬರು ಕೊಳವೆಯಲ್ಲಿ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು, ಎರಡು ತುದಿಗಳನ್ನೂ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ರಸಮಟ್ಟಕ್ಕಿಂತ ಇದು ದೂರದ ಅಳತೆಗೆ ನಂಬಿಕಸ್ತವಾದದ್ದು. ನಾಲ್ಕು ಚಕ್ರಗಳೂ ನೆಲ ಮುಟ್ಟುವ ಜಾಗಗಳನ್ನು ಹೀಗೆ ಅಳೆದು, ತಗ್ಗಿರುವ ಕಡೆ ತೆಳುವಾದ ಹಲಗೆ ಇಟ್ಟು ಸಮ ಮಾಡಿದ ಮೇಲೆಯೇ ಗಾಡಿಯನ್ನು ಅಲ್ಲಿಗೆ ತರಬೇಕು. ನಾಲ್ಕು ಟಯರುಗಳೂ ಒಂದೇ ಅಳತೆಯವೇ, ಎದುರುಬದುರಿನ ಚಕ್ರಗಳ ಗಾಳಿ ಸಮವಾಗಿದೆಯೇ ಎಂದು ನೋಡಬೇಕು. ಒಂದು ಕಡೆ ಸವೆದ ಟಯರು, ಇನ್ನೊಂದು ಕಡೆ ಹೊಸ ಟಯರು ಇದ್ದರೆ ಅಷ್ಟರಿಂದಲೇ ಗಾಡಿ ಅರ್ಧ ಇಂಚು ವಾಲಬಹುದು. ಗಾಡಿಯೊಳಗಿನ ಸರಪಳಿ, ಜಾಕಿ, ಹಾರೆ, ಗೊಬ್ಬರದ ಅರ್ಧ ಚೀಲ, ಎಲ್ಲವನ್ನೂ ಇಳಿಸಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ಪ್ಲೇಟುಗಳು ಒಂದರ ಮೇಲೊಂದು ಉಜ್ಜುತ್ತವೆ. ತುಕ್ಕು ಹಿಡಿದಿದ್ದರಂತೂ ಕಚ್ಚಿಕೊಂಡೇ ನಿಲ್ಲುತ್ತವೆ. ಜಾಕಿಯಿಂದ ಎತ್ತಿ ಇಳಿಸಿದ ಗಾಡಿ ತನ್ನ ನಿಜವಾದ ಎತ್ತರಕ್ಕೆ ಕೂಡಲೇ ಬಂದು ಕೂರುವುದಿಲ್ಲ. ಆದ್ದರಿಂದ ಅಳೆಯುವ ಮೊದಲು ಗಾಡಿಯನ್ನು ಹತ್ತಿಪ್ಪತ್ತು ಗಜ ಹಿಂದಕ್ಕೂ ಮುಂದಕ್ಕೂ ಓಡಿಸಿ, ನಾಲ್ಕು ಮೂಲೆಯನ್ನೂ ಕೈಯಿಂದ ಒತ್ತಿ ಕುಲುಕಿ, ತಾನಾಗಿ ನೆಲೆಗೊಳ್ಳಲು ಬಿಡಬೇಕು.

ಈಗ ಅಳತೆ. ಪ್ರತಿ ಮೂಲೆಯಲ್ಲಿಯೂ ಎರಡು ಅಳತೆಗಳನ್ನು ತೆಗೆದು ಪುಸ್ತಕದಲ್ಲಿ ಬರೆದುಕೊಳ್ಳಬೇಕು: ನೆಲದಿಂದ ಚಾಸಿಗೆ ಎಷ್ಟು, ಆಕ್ಸಲಿನಿಂದ ಚಾಸಿಗೆ ಎಷ್ಟು. ನೆಲದ ಅಳತೆಯಲ್ಲಿ ವ್ಯತ್ಯಾಸವಿದ್ದು ಆಕ್ಸಲಿನ ಅಳತೆ ಸಮವಾಗಿದ್ದರೆ ದೋಷ ಟಯರಿನದು ಅಥವಾ ನೆಲದ್ದು. ಸ್ಪ್ರಿಂಗನ್ನು ಮುಟ್ಟುವ ಅಗತ್ಯವೇ ಇಲ್ಲ. ಎರಡರಲ್ಲಿಯೂ ವ್ಯತ್ಯಾಸವಿದ್ದರೆ ಸ್ಪ್ರಿಂಗಿನ ಕಡೆ ತಿರುಗಬೇಕು. ಎರಡೂ ಸಮವಾಗಿದ್ದು ಮೇಲಿನ ಬಾಡಿ ಮಾತ್ರ ವಾಲಿದ್ದರೆ, ಬಾಡಿಯನ್ನು ಚಾಸಿಗೆ ಕೂರಿಸುವ ರಬ್ಬರು ಮೆತ್ತೆಗಳು ಕುಸಿದಿವೆ ಎಂದು ಅರ್ಥ. ಹಳೆಯ ಜೀಪಿನಲ್ಲಿ ಕಾಲಿಂಚು ಅರ್ಧ ಇಂಚಿನ ವ್ಯತ್ಯಾಸವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಒಂದಿಂಚು ದಾಟಿದರೆ ಕಾರಣ ಹುಡುಕಲೇಬೇಕು.

ಇಲ್ಲಿಯೇ ಅತಿ ಮುಖ್ಯವಾದ, ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ಸಂಗತಿ ಬರುತ್ತದೆ. ಮೂರು ಕಾಲಿನ ಪೀಠ ಎಂಥ ಒರಟು ನೆಲದ ಮೇಲೂ ಅಲುಗಾಡದೆ ನಿಲ್ಲುತ್ತದೆ. ನಾಲ್ಕು ಕಾಲಿನ ಮೇಜು ಹಾಗಲ್ಲ. ಒಂದು ಕಾಲು ತುಸು ಉದ್ದವಾದರೆ, ಭಾರವೆಲ್ಲ ಆ ಕಾಲು ಮತ್ತು ಅದರ ಕರ್ಣಕ್ಕಿರುವ ಇನ್ನೊಂದು ಕಾಲಿನ ಮೇಲೆ ಹೋಗಿ, ಉಳಿದೆರಡು ಕಾಲುಗಳು ಹಗುರವಾಗುತ್ತವೆ. ಜೀಪು ನಾಲ್ಕು ಕಾಲಿನ ಮೇಜು. ಎಡ ಮುಂಭಾಗದ ಸ್ಪ್ರಿಂಗು ಅಗತ್ಯಕ್ಕಿಂತ ಎತ್ತರವಾಗಿದ್ದರೆ ಗಾಡಿ ಬಲಕ್ಕೆ ಹೊರಳಿ, ಹಿಂದಕ್ಕೂ ತುಸು ಕುಸಿದು, ನೋಡುವವರ ಕಣ್ಣಿಗೆ ಬಲ ಹಿಂಭಾಗವೇ ಎಲ್ಲಕ್ಕಿಂತ ತಗ್ಗಾಗಿ ಕಾಣುತ್ತದೆ. ಕಾಣುವ ಮೂಲೆ ಒಂದು, ದೋಷವಿರುವ ಮೂಲೆ ಅದರ ಎದುರಿನದು.

ನಮ್ಮ ಸೀಮೆಯಲ್ಲಿಯೇ ನಡೆದ ಒಂದು ಪ್ರಸಂಗ ಹೇಳುತ್ತೇನೆ. ನೆರೆಮನೆಯವರ ಜೀಪು ಬಲ ಹಿಂಭಾಗಕ್ಕೆ ಒಂದೂವರೆ ಇಂಚು ವಾಲಿತ್ತು. ಪೇಟೆಯ ಗ್ಯಾರೇಜೊಂದರಲ್ಲಿ ಆ ಮೂಲೆಗೆ ಒಂದು ಪ್ಲೇಟು ಹೆಚ್ಚಿಗೆ ಸೇರಿಸಿ ಕಳುಹಿಸಿದರು. ಗಾಡಿ ನೆಟ್ಟಗೆ ನಿಂತಿತು, ಎಲ್ಲರಿಗೂ ಸಂತೋಷವಾಯಿತು. ಮಳೆಗಾಲದಲ್ಲಿ ಅವರು ಆಗುಂಬೆಯಿಂದ ಸೋಮೇಶ್ವರದ ಕಡೆ ಘಾಟಿ ಇಳಿಯುತ್ತಿದ್ದರು. ಅಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಒಂದು ತಿರುವಿನ ಮೊದಲು ಬ್ರೇಕು ಒತ್ತಿದಾಗ ಗಾಡಿ ಒಮ್ಮೆಗೇ ಎಡಕ್ಕೆ ಎಳೆದು, ಗುಡ್ಡದ ಬದಿಯ ಚರಂಡಿಗೆ ಇಳಿದು ನಿಂತಿತು. ಆ ತಿರುವಿನಲ್ಲಿ ಎಡಗಡೆ ಗುಡ್ಡವಿದ್ದುದರಿಂದ ಒಳಗಿದ್ದ ಐವರೂ ಉಳಿದರು. ಅದರ ಮುಂದಿನ ತಿರುವಿನಲ್ಲಿ ಎಡಗಡೆ ಕಣಿವೆ.

ಬ್ರೇಕಿನಲ್ಲಿ ಏನೂ ದೋಷ ಸಿಕ್ಕಲಿಲ್ಲ. ಆಮೇಲೆ ನಾವಿಬ್ಬರೂ ಕುಳಿತು ಆ ಗಾಡಿಯ ಚರಿತ್ರೆಯನ್ನು ಕೆದಕಿದೆವು. ಹಿಂದಿನ ವರ್ಷ ಎಡ ಮುಂಭಾಗದ ಸ್ಪ್ರಿಂಗು ಮುರಿದು, ಅದೊಂದನ್ನು ಮಾತ್ರ ಹೊಸದು ಹಾಕಿಸಿದ್ದರು. ಹೊಸ ಕಮಾನು ಎತ್ತರ, ಬಲಗಡೆಯ ಹಳೆಯದು ತಗ್ಗು. ಗಾಡಿ ವಾಲಿದ್ದು ಅದರಿಂದ. ಬಲ ಹಿಂಭಾಗಕ್ಕೆ ಪ್ಲೇಟು ಸೇರಿಸಿದಾಗ, ಮೊದಲೇ ಭಾರ ಹೆಚ್ಚಾಗಿದ್ದ ಆ ಕರ್ಣದ ಮೇಲೆ ಮತ್ತಷ್ಟು ಭಾರ ಬಿತ್ತು. ಬಲ ಮುಂಚಕ್ರ ಮತ್ತು ಎಡ ಹಿಂಚಕ್ರ ಇನ್ನಷ್ಟು ಹಗುರವಾದವು. ಪೇಟೆಯಲ್ಲಿ ನೆಲಮಟ್ಟಕ್ಕೆ ಕೂರಿಸಿದ ಲಾರಿ ತೂಕದ ಕಟ್ಟೆಯ ಮೂಲೆಗೆ ಒಂದೊಂದೇ ಚಕ್ರವನ್ನು ತಂದು ನಿಲ್ಲಿಸಿ ತೂಗಿದೆವು. ಬಲ ಮುಂಚಕ್ರದ ಭಾರ ಎಡದ್ದಕ್ಕಿಂತ ಐದರಲ್ಲೊಂದು ಪಾಲಿನಷ್ಟು ಕಡಮೆಯಿತ್ತು. ಒದ್ದೆ ರಸ್ತೆಯಲ್ಲಿ ಹಗುರವಾದ ಚಕ್ರಕ್ಕೆ ಹಿಡಿತ ಕಡಮೆ. ಬ್ರೇಕು ಒತ್ತಿದಾಗ ಅದು ಮೊದಲು ಜಾರುತ್ತದೆ. ಭಾರವಾದ ಚಕ್ರ ಹಿಡಿದು ನಿಲ್ಲುತ್ತದೆ. ಗಾಡಿ ಹಿಡಿತವಿರುವ ಕಡೆಗೆ ತಿರುಗುತ್ತದೆ. ಕಣ್ಣಿಗೆ ನೆಟ್ಟಗೆ ಕಂಡ ಗಾಡಿ ವಾಲಿದ್ದ ಗಾಡಿಗಿಂತ ಹೆಚ್ಚು ಅಪಾಯಕಾರಿಯಾಗಿತ್ತು. ಈ ಮಾತನ್ನು ಕೇಳುಗರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ.

ದೋಷ ಮುಂದಿನದೋ ಹಿಂದಿನದೋ ಎಂದು ತಿಳಿಯಲು ಸರಳವಾದ ಪರೀಕ್ಷೆಯೊಂದಿದೆ. ಹಿಂಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಚಾಸಿಯ ಮುಂದಿನ ಅಡ್ಡಪಟ್ಟಿಯ ಸರಿಯಾದ ನಡುಬಿಂದುವಿಗೆ ಜಾಕಿ ಇಟ್ಟು, ಮುಂದಿನ ಸ್ಪ್ರಿಂಗುಗಳ ಭಾರ ಕಳಚುವಷ್ಟು ಮಾತ್ರ ಎತ್ತಬೇಕು. ಈಗ ಚಾಸಿಯ ಮುಂಭಾಗ ಒಂದು ಮೊಳೆಯ ಮೇಲೆ ನಿಂತ ತಕ್ಕಡಿಯಂತೆ. ಅದು ಎಡಕ್ಕೂ ಹೊರಳಬಹುದು, ಬಲಕ್ಕೂ ಹೊರಳಬಹುದು. ಅದನ್ನು ಹಿಡಿದಿಟ್ಟಿರುವುದು ಹಿಂದಿನ ಎರಡು ಸ್ಪ್ರಿಂಗುಗಳು ಮಾತ್ರ. ಹೀಗೆ ಎತ್ತಿದಾಗ ಹಿಂಭಾಗ ಮಟ್ಟಕ್ಕೆ ಬಂದರೆ ದೋಷ ಮುಂದಿನದು; ವಾಲಿಯೇ ಇದ್ದರೆ ಹಿಂದಿನದು. ಮತ್ತೆ ಹಿಂದಿನಿಂದ ಇದನ್ನೇ ಮಾಡಿ ತಾಳೆ ನೋಡಬಹುದು. ಈ ಪರೀಕ್ಷೆಯಲ್ಲಿ ಗಾಡಿಯ ಪಕ್ಕದಲ್ಲಿ ನಿಂತು ಅಳೆಯಬೇಕೇ ಹೊರತು ಕೆಳಗೆ ತಲೆ ಹಾಕಬಾರದು. ನೆರೆಮನೆಯ ಜೀಪಿನ ಹೆಚ್ಚುವರಿ ಪ್ಲೇಟನ್ನು ತೆಗೆಸಿ ಹೀಗೆ ಎತ್ತಿದಾಗ ಹಿಂಭಾಗ ತಾನಾಗಿಯೇ ಮಟ್ಟಕ್ಕೆ ಬಂದಿತು.

ದೋಷವಿರುವ ತುದಿ ಗೊತ್ತಾದ ಮೇಲೆ ಕಣ್ಣು ಮತ್ತು ಕೈಗಳ ಕೆಲಸ. ಹಣ ಖರ್ಚಿಲ್ಲದ ಕಾರಣಗಳನ್ನು ಮೊದಲು ನೋಡಬೇಕು. ಶಾಕಲ್ ತೂಗುತ್ತಿದೆಯೇ? ಹಳೆಯ ಜೀಪುಗಳಲ್ಲಿ ಇದು ತಿರುಪು ಸುತ್ತುಗಳುಳ್ಳ, ಯು ಆಕಾರದ ಕೊಂಡಿ. ಗ್ರೀಸು ಕಾಣದೆ ವರ್ಷ ಕಳೆದರೆ ತುಕ್ಕು ಹಿಡಿದು ಕಲ್ಲಾಗುತ್ತದೆ. ಆಗ ಸ್ಪ್ರಿಂಗಿಗೆ ಉದ್ದವಾಗಲು ಎಡೆಯಿಲ್ಲದೆ ಆ ಮೂಲೆ ಎತ್ತರದಲ್ಲಿಯೇ ನಿಂತುಬಿಡುತ್ತದೆ. ಅದನ್ನು ಬಿಚ್ಚಿ, ತೊಳೆದು, ಗ್ರೀಸು ತುಂಬಿದ ಮಾತ್ರಕ್ಕೆ ನೆಟ್ಟಗಾದ ಗಾಡಿಗಳನ್ನು ನಾನು ಕಂಡಿದ್ದೇನೆ. ಬಳಿಕ ಪ್ರತಿ ಪ್ಲೇಟಿನ ಅಂಚನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ಕೂದಲಿನಷ್ಟು ಬಿರುಕಿನಲ್ಲಿ ತುಕ್ಕು ಕೆಂಪಗೆ ಕಾಣುತ್ತದೆ. ಸೆಂಟರ್ ಬೋಲ್ಟು ತುಂಡಾಗಿದ್ದರೆ ಆಕ್ಸಲು ಹಿಂದು ಮುಂದಾಗಿ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ. ಸ್ಪ್ರಿಂಗು ಸೇರುವ ಜಾಗದಲ್ಲಿ ಚಾಸಿಗೇ ಬಿರುಕು ಬಿದ್ದಿದ್ದರೆ ಅದು ನುರಿತ ಬೆಸುಗೆಯವರ ಕೆಲಸ. ಇನ್ನು ಶಾಕ್ ಅಬ್ಸಾರ್ಬರಿನ ಮೇಲೆ ಅಪವಾದ ಹೊರಿಸುವುದು ವಾಡಿಕೆ. ಜೀಪಿನ ಎಣ್ಣೆಯ ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ತಡೆಯುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ. ಅದನ್ನು ಬದಲಿಸಿದರೆ ವಾಲು ಹೋಗದು.

ಇವೆಲ್ಲ ಸರಿಯಿದ್ದೂ ಗಾಡಿ ವಾಲಿದ್ದರೆ ಕಮಾನು ಸೋತಿದೆ ಎಂದು ಒಪ್ಪಬೇಕು. ಆಗ ಪ್ಲೇಟು ಸೇರಿಸಬಹುದೇ? ವಾಲುವಿಕೆ ಎತ್ತರದ ಪ್ರಶ್ನೆ. ಪ್ಲೇಟು ಸೇರಿಸುವುದು ಮುಖ್ಯವಾಗಿ ಬಿಗುವಿನ ಉತ್ತರ. ಎಂಟು ಪ್ಲೇಟಿರುವಲ್ಲಿ ಅಂಥದೇ ಒಂಬತ್ತನೆಯದನ್ನು ಸೇರಿಸಿದರೆ ಬಿಗುವು ಸುಮಾರು ಎಂಟನೆಯ ಒಂದು ಪಾಲು ಏರುತ್ತದೆ. ಒಂದು ಕಡೆ ಇಂಚು ಬಾಗಲು 50 ಕಿಲೋ ಬೇಕಾದರೆ ಇನ್ನೊಂದು ಕಡೆ 56 ಕಿಲೋ ಬೇಕು. ಎರಡೂ ಕಡೆ 150 ಕಿಲೋ ಹೇರಿದಾಗ ಒಂದು ಕಡೆ ಮೂರಿಂಚು, ಇನ್ನೊಂದು ಕಡೆ ಎರಡೂ ಮುಕ್ಕಾಲು ಇಂಚಿಗೂ ಕಡಮೆ ಬಾಗುತ್ತದೆ. ಬರಿದಾಗಿದ್ದಾಗ ನೆಟ್ಟಗಿದ್ದ ಗಾಡಿ ಮೂಟೆ ಹೇರಿದೊಡನೆ ಮತ್ತೊಂದು ಮಗ್ಗುಲಿಗೆ ವಾಲುತ್ತದೆ. ದಪ್ಪ ಪ್ಲೇಟು ಸೇರಿಸಿದರಂತೂ ಕೇಳುವುದೇ ಬೇಡ; ದಪ್ಪ ಎರಡರಷ್ಟಾದರೆ ಆ ಪ್ಲೇಟಿನ ಬಿಗುವು ಎಂಟರಷ್ಟಾಗುತ್ತದೆ. ಆದ್ದರಿಂದ ಏನು ಮಾಡಿದರೂ ಎಡಬಲಗಳಿಗೆ ಜೊತೆಯಾಗಿ ಮಾಡಬೇಕು. ಜೋಡಿ ಎತ್ತುಗಳಲ್ಲಿ ಒಂದನ್ನು ಮಾತ್ರ ಬದಲಿಸಿದರೆ ನೊಗ ಹೇಗೆ ಓರೆಯಾಗುವುದೋ ಇದೂ ಹಾಗೆಯೇ.

ಸೋತ ಪ್ಲೇಟುಗಳನ್ನು ಮತ್ತೆ ಬಾಗಿಸಿ ಕಮಾನು ಕಟ್ಟಿಸುವ ಪದ್ಧತಿ ಇದೆ. ತಣ್ಣಗಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಬಾಗಿಸುವ ಅನುಭವಿಗಳಿದ್ದಾರೆ. ಅದು ಕೆಲವು ಕಾಲ ಬಾಳುತ್ತದೆ. ಆದರೆ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಹಾಗೆಯೇ ಆರಲು ಬಿಟ್ಟರೆ ಆ ಉಕ್ಕು ಸ್ಪ್ರಿಂಗಾಗಿ ಉಳಿಯುವುದಿಲ್ಲ. ಸಿಲಿಕಾನ್ ಮತ್ತು ಮ್ಯಾಂಗನೀಸು ಬೆರೆತ ಈ ಉಕ್ಕಿಗೆ ಪುಟಿಯುವ ಗುಣ ಬರುವುದು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾದ ಕಾವಿನಲ್ಲಿ ಪಕ್ವಗೊಳಿಸುವುದರಿಂದ. ಆ ಹದ ತಪ್ಪಿದರೆ ಕಮಾನು ಬೇಗನೆ ಮತ್ತೆ ಕುಸಿಯುತ್ತದೆ, ಇಲ್ಲವೆ ಗಾಜಿನಂತೆ ಮುರಿಯುತ್ತದೆ. ಮುರಿದ ಪ್ಲೇಟಿಗೆ ಬೆಸುಗೆ ಹಾಕಿಸುವುದು ಇದೇ ಕಾರಣದಿಂದ ಸರ್ವಥಾ ಸಲ್ಲದು. ಕೈಯಲ್ಲಿ ಹಣವಿದ್ದರೆ ಜೋಡಿ ಹೊಸ ಸ್ಪ್ರಿಂಗುಗಳೇ ಉತ್ತಮ. ಉದ್ದನೆಯ ಶಾಕಲ್ ಹಾಕಿ ಎತ್ತರಿಸುವವರೂ ಇದ್ದಾರೆ. ಶಾಕಲ್ ಎರಡಿಂಚು ಉದ್ದವಾದರೆ ಗಾಡಿ ಏರುವುದು ಸುಮಾರು ಒಂದಿಂಚು ಮಾತ್ರ. ಮುಂಭಾಗದಲ್ಲಾದರೆ ಆಕ್ಸಲಿನ ಓರೆ ಬದಲಾಗಿ ಸ್ಟಿಯರಿಂಗಿನ ಗುಣವೇ ಕೆಡುತ್ತದೆ. ಮುಂದಿನ ಆಕ್ಸಲಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ದಿಮ್ಮಿ ಇಡುವುದಂತೂ ಕೂಡದು. ಬ್ರೇಕಿನ ಸೆಳೆತಕ್ಕೆ ಅದು ಉರುಳಿ ಬಂದೀತು.

ಇನ್ನು ಕೆಲಸ ಮಾಡುವವನ ಪ್ರಾಣದ ಮಾತು. ಜಾಕಿ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಎತ್ತಿದ ಮೇಲೆ ಚಾಸಿಯ ಅಡಿಗೆ ಎರಡು ಕಡೆ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡು ಕೊಡಬೇಕು. ಅದಿಲ್ಲದಿದ್ದರೆ ಅಗಲವಾದ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಬೇಕು. ಇಟ್ಟಿಗೆಯನ್ನೂ ಟೊಳ್ಳು ಸಿಮೆಂಟ್ ಕಲ್ಲನ್ನೂ ಎಂದಿಗೂ ನಂಬಬಾರದು. ಅವು ಸೂಚನೆ ಕೊಡದೆ ಪುಡಿಯಾಗುತ್ತವೆ. ನೆಲದಲ್ಲಿರುವ ಚಕ್ರಗಳಿಗೆ ಅಡ್ಡಗಲ್ಲು, ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿ ಇನ್ನೊಂದು ಆಸರೆ, ಕೂಗಿದರೆ ಕೇಳುವ ದೂರದಲ್ಲಿ ಇನ್ನೊಬ್ಬ ಮನುಷ್ಯ, ಈ ಮೂರೂ ಇಲ್ಲದೆ ಕೆಳಗೆ ನುಸುಳಬಾರದು. ಮಳೆಯಲ್ಲಿ ನೆನೆದ ಮಣ್ಣಿನ ಅಂಗಳದಲ್ಲಿ ಈ ಕೆಲಸವನ್ನು ಹಿಡಿಯಲೇಬಾರದು. ಜಾಕಿಯ ಬುಡ ನಿಧಾನವಾಗಿ ಹೂತುಹೋಗುವುದು ಕಣ್ಣಿಗೆ ಕಾಣುವುದಿಲ್ಲ.

ಮತ್ತೆ ಜೋಡಿಸುವಾಗ ಒಂದು ನಿಯಮವನ್ನು ಮರೆಯಬಾರದು. ರಬ್ಬರು ಬುಷ್ ಇರುವ ಗಾಡಿಗಳಲ್ಲಿ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗಲೇ ಕೊನೆಯ ಬಿಗಿ ಕೊಟ್ಟರೆ ರಬ್ಬರು ಆ ಸ್ಥಿತಿಯಲ್ಲಿಯೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿದಾಗ ತಿರುಚಿಕೊಂಡು ಆ ಮೂಲೆಯನ್ನು ಮೇಲಕ್ಕೆ ಒತ್ತುತ್ತದೆ. ಕೆಲವು ದಿನಗಳಲ್ಲಿ ಹರಿದೂ ಹೋಗುತ್ತದೆ. ಆದ್ದರಿಂದ ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಕುಲುಕಿ, ಆ ಮೇಲೆ ಬಿಗಿಯಬೇಕು. ಬಿಚ್ಚಿದ ಯು ಬೋಲ್ಟುಗಳು ಎಳೆದು ಉದ್ದವಾಗಿರುತ್ತವೆ. ಹೊಸವನ್ನು ಹಾಕಿ, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಗಾಡಿಯ ಎತ್ತರ ಬದಲಾದರೆ ದೀಪದ ಬೆಳಕು ಬೀಳುವ ಜಾಗವೂ ಬದಲಾಗುತ್ತದೆ. ಗೋಡೆಯೆದುರು ನಿಲ್ಲಿಸಿ ಸರಿಪಡಿಸಬೇಕು. ಕೊನೆಯಲ್ಲಿ, ಜನಸಂಚಾರವಿಲ್ಲದ ಸಮವಾದ ರಸ್ತೆಯಲ್ಲಿ ಮೆಲ್ಲನೆ ಓಡಿಸಿ ಬ್ರೇಕು ಹಾಕಿ, ಗಾಡಿ ಯಾವ ಕಡೆಗೂ ಎಳೆಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ್ದು ಪ್ಲೇಟಿನ ಸ್ಪ್ರಿಂಗಿಗೆ. 1958ರಿಂದ 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ ಕಾರು ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು; ಅದರ ಹಿಂದೆ ಪ್ಲೇಟುಗಳಿದ್ದರೂ ಮುಂದೆ ತಿರುಚುವ ಉಕ್ಕಿನ ದಂಡಗಳನ್ನು ಬಳಸಿದ್ದರು. ದಂಡದ ಹಿಂತುದಿಯ ಹಿಡಿತವನ್ನು ಬದಲಿಸಿ ಎತ್ತರವನ್ನು ಸರಿಪಡಿಸಬಹುದು. ಆದರೆ ಒಂದು ದಿಕ್ಕಿಗೆ ತಿರುಚಿಕೊಂಡು ಒಗ್ಗಿದ ದಂಡವನ್ನು ಇನ್ನೊಂದು ಬದಿಗೆ ಹಾಕಬಾರದು. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಮುಂಭಾಗದಲ್ಲಿಯೂ, ಇಂದಿನ ಬಹುತೇಕ ಕಾರುಗಳಲ್ಲಿಯೂ ಸುರುಳಿ ಸ್ಪ್ರಿಂಗು ಶಾಕ್ ಅಬ್ಸಾರ್ಬರನ್ನು ಸುತ್ತಿಕೊಂಡಿರುತ್ತದೆ. 300 ಕಿಲೋ ಭಾರಕ್ಕೆ ಹದಿನೈದು ಸೆಂಟಿಮೀಟರು ಅದುಮಿದ ಸುರುಳಿಯಲ್ಲಿ ಅಡಗಿರುವ ಶಕ್ತಿ, ಇಪ್ಪತ್ತೆರಡು ಕಿಲೋ ಮೀರಿದ ಕಲ್ಲು ಒಂದು ಮೀಟರು ಎತ್ತರದಿಂದ ಬಿದ್ದರೆ ಬರುವ ಪೆಟ್ಟಿಗೆ ಸಮ. ಅದು ಜಾರಿ ಸಿಡಿದರೆ ಮುಖ ಉಳಿಯುವುದಿಲ್ಲ. ಅಲ್ಲಿ ನಮ್ಮ ಕೆಲಸ ಅಳತೆಯವರೆಗೆ ಮಾತ್ರ. ಬಿಚ್ಚುವುದು ತಕ್ಕ ಉಪಕರಣವುಳ್ಳವರ ಪಾಲು.

ಹಾಗಾದರೆ ಇಷ್ಟು ಕಲಿತು ಲಾಭವೇನು ಎಂದು ಕೇಳಬಹುದು. ನೆರೆಮನೆಯವರು ಕೊನೆಗೆ ಮಾಡಿದ್ದು ತೀರ ಸಣ್ಣ ಕೆಲಸ: ಹೆಚ್ಚುವರಿ ಪ್ಲೇಟನ್ನು ತೆಗೆಸಿ, ಎಡ ಮುಂಭಾಗದ ಹೊಸ ಸ್ಪ್ರಿಂಗಿಗೆ ಜೊತೆಯಾಗಿ ಬಲಕ್ಕೂ ಹೊಸದನ್ನು ಹಾಕಿದರು. ಎರಡನೆಯದನ್ನು ಅಂಗಳದಲ್ಲಿಯೇ ನಾವೇ ಕೂರಿಸಿದೆವು. ಒಂದು ದಿನದ ಕೆಲಸವಾಯಿತು. ಲಾಭವಾದದ್ದು ಉಳಿದ ಕೂಲಿಯಷ್ಟೇ ಅಲ್ಲ. ಅಳತೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಗ್ಯಾರೇಜಿಗೆ ಹೋದವನು 'ಗಾಡಿ ವಾಲಿದೆ, ಏನಾದರೂ ಮಾಡಿ' ಎನ್ನುವುದಿಲ್ಲ. 'ಮುಂಭಾಗದಲ್ಲಿ ಎಡಬಲಗಳಿಗೆ ಒಂದೂವರೆ ಇಂಚು ವ್ಯತ್ಯಾಸವಿದೆ, ಹಿಂಭಾಗ ಸರಿಯಿದೆ' ಎನ್ನುತ್ತಾನೆ. ಆ ಮಾತಿಗೆ ಒಳ್ಳೆಯ ಕೆಲಸಗಾರ ಸಂತೋಷಪಡುತ್ತಾನೆ, ಅವಸರದ ಕೆಲಸಗಾರ ಎಚ್ಚರವಾಗುತ್ತಾನೆ. ತಗ್ಗಾಗಿ ಕಂಡ ಮೂಲೆಯನ್ನು ಎತ್ತುವ ಮೊದಲು ಅದರ ಎದುರಿನ ಮೂಲೆಯನ್ನು ಒಮ್ಮೆ ಅಳೆದು ನೋಡಿ. ಒಂದು ಟೇಪು, ಹತ್ತು ಗಜ ಕೊಳವೆ, ಒಂದು ತಂಬಿಗೆ ನೀರು ಇದ್ದರೆ ಅಷ್ಟಕ್ಕೆ ಸಾಕು.